ಘಟ್ಟದ ಮೋಡವೂ ರೇಡಿಯೋದ ಮಾತೂ

“ಕರಾವಳಿಯ ಕೆಲವು ಕಡೆಗಳಲ್ಲಿ ಗುಡುಗು ಸಹಿತ ಮಳೆಯಾಗುವ ಸಂಭವವಿದೆ” ಎಂದು ಆಕಾಶವಾಣಿ ಹೇಳಿದ ದಿನ ಮಂಗಳೂರಿನಲ್ಲಿ ಬಿಸಿಲು ಕಾಯುತ್ತಿದ್ದರೆ ಕೇಳುಗರು ನಗುವುದುಂಟು. ಅದೇ ಸಂಜೆ ಕಡಬ ತಾಲೂಕಿನ ಕೋಡಿಂಬಾಳದಲ್ಲಿ ಅಂಗಳದ ತುಂಬ ಹರಡಿದ ಅಡಿಕೆ ನೆನೆದುಹೋಗಿರಬಹುದು. ಮುನ್ಸೂಚನೆ ಸುಳ್ಳಾಗಲಿಲ್ಲ, ಅದರ ಪರಿಭಾಷೆ ನಮಗೆ ತಿಳಿಯಲಿಲ್ಲ, ಅಷ್ಟೆ.

ಹವಾಮಾನ ಇಲಾಖೆಯವರು ಈ ಮಾತುಗಳನ್ನು ಬಾಯಿಗೆ ಬಂದಂತೆ ಆಡುವುದಿಲ್ಲ. ಒಂದು ವಿಭಾಗದಲ್ಲಿರುವ ಮಳೆಮಾಪನ ಕೇಂದ್ರಗಳ ಪೈಕಿ ನೂರಕ್ಕೆ 25ರವರೆಗೆ ಮಳೆ ಬೀಳುವಂತಿದ್ದರೆ ‘ಒಂದೆರಡು ಕಡೆ’ ಎನ್ನುತ್ತಾರೆ. 26ರಿಂದ 50 ಆದರೆ ‘ಕೆಲವು ಕಡೆ’. 75ರವರೆಗೆ ‘ಹಲವು ಕಡೆ’. ಅದನ್ನೂ ಮೀರಿದರೆ ‘ಬಹುತೇಕ ಕಡೆ’. ಎಂದರೆ ‘ಕೆಲವು ಕಡೆ’ ಮಳೆಯೆಂದ ದಿನ ಅರ್ಧದಷ್ಟು ಊರುಗಳಾದರೂ ಒಣಗಿಯೇ ಇರಬೇಕು! ‘ಭಾರಿ ಮಳೆ’ ಎಂಬುದಕ್ಕೂ ಅಳತೆಯುಂಟು: 24 ಗಂಟೆಗಳಲ್ಲಿ 64.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಮಳೆ. ಆದರೆ ಯಾರ ಅಂಗಳಕ್ಕೆ, ಎಷ್ಟು ಗಂಟೆಗೆ ಎಂಬುದನ್ನು ರೇಡಿಯೋ ಹೇಳಲಾರದು. ಅದನ್ನು ತಲೆಯೆತ್ತಿ ನೋಡಿಯೇ ತಿಳಿಯಬೇಕು.

ಕೋಡಿಂಬಾಳದ ನೆಲೆಯನ್ನು ಗಮನಿಸಿ. ಪಡುವಣಕ್ಕೆ ಕಡಲು, ಮೂಡಣಕ್ಕೆ 1,712 ಮೀಟರ್ ಎತ್ತರದ ಪುಷ್ಪಗಿರಿಯನ್ನೊಳಗೊಂಡ ಘಟ್ಟಶ್ರೇಣಿ, ನಡುವೆ ಅಡಿಕೆಯ ತೋಟಗಳು. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿಗೆ ಮಳೆ ಕಡಲಿನ ಕಡೆಯಿಂದ ಬರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿಯೂ ಅಕ್ಟೋಬರಿನಲ್ಲಿಯೂ ಬಹುಮಟ್ಟಿಗೆ ಘಟ್ಟದ ಕಡೆಯಿಂದ. ಈ ಎರಡು ಮಳೆಗಳ ಮೋಡಗಳೂ ಬೇರೆ, ನಡತೆಯೂ ಬೇರೆ.

ಮೋಡಗಳಿಗೆ ಶಾಸ್ತ್ರೀಯ ಲ್ಯಾಟಿನ್ ಹೆಸರುಗಳನ್ನು ಸೂಚಿಸಿದವನು ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್, 1802ರ ಒಂದು ಉಪನ್ಯಾಸದಲ್ಲಿ. ನಮ್ಮ ಶಾಲಾ ಪುಸ್ತಕಗಳ ಹಿಮಕಣ ಮೋಡ, ಪದರ ಮೋಡ, ರಾಶಿ ಮೋಡ, ವೃಷ್ಟಿ ಮೋಡಗಳು ಅವನ ಲ್ಯಾಟಿನ್ ಹೆಸರುಗಳಿಂದಲೇ ಬಂದವು. ಈಗ ಹತ್ತು ಮುಖ್ಯ ಜಾತಿಗಳನ್ನು ಎಣಿಸುತ್ತಾರೆ. ಗೃಹಸ್ಥರಿಗೆ ಅಷ್ಟೆಲ್ಲ ಬೇಡ.

ಹಿಂಜಿದ ಹತ್ತಿಯ ಎಳೆಗಳಂತೆ ಬಲು ಎತ್ತರದಲ್ಲಿ ತೇಲುವುದು ಹಿಮಕಣ ಮೋಡ. ಅದೇ ತೆಳುವಾದ ತೆರೆಯಾಗಿ ಹರಡಿದಾಗ ಸೂರ್ಯಚಂದ್ರರ ಸುತ್ತ ಬಳೆ ಕಟ್ಟುತ್ತದೆ. ಬಳೆ ಕಂಡರೆ ನಾಳೆ ಮಳೆ ಎಂದು ಪರದೇಶದ ಪುಸ್ತಕಗಳಲ್ಲಿದೆ. ನಮ್ಮ ಸೀಮೆಯಲ್ಲಿ ಅದನ್ನು ಅಷ್ಟಾಗಿ ನೆಚ್ಚುವಂತಿಲ್ಲ.

ನೆಚ್ಚಬೇಕಾದದ್ದು ರಾಶಿ ಮೋಡದ ಬೆಳವಣಿಗೆಯನ್ನು. ಬೇಸಗೆಯ ಬಿಸಿಲಿಗೆ ನೆಲ ಕಾದು, ಮೇಲೇರಿದ ತೇವದ ಗಾಳಿ ಒಂದು ಎತ್ತರದಲ್ಲಿ ತಣಿದು ಹನಿಗಟ್ಟುತ್ತದೆ. ಆ ಮೋಡದ ತಳ ಹಲಗೆಯಿಟ್ಟಂತೆ ಸಮವಾಗಿರುವುದು ಇದರಿಂದಲೇ. ಮಧ್ಯಾಹ್ನ ಮೋಡದ ಅಗಲ ಎತ್ತರಕ್ಕಿಂತ ಹೆಚ್ಚಾಗಿದ್ದರೆ ಅಡಿಕೆ ಅಂಗಳದಲ್ಲೇ ಇರಲಿ. ಘಟ್ಟದ ಮೇಲೆ ಅದು ಹೂಕೋಸಿನಂತೆ ಉಬ್ಬುಬ್ಬಿ ಗೋಪುರವಾಗತೊಡಗಿದರೆ ಎಚ್ಚರ ಬೇಕು. ಗೋಪುರದ ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೆಂದರೆ ಅದು ಗುಡುಗಿನ ಮೋಡವೇ ಸರಿ. ಅದರ ತುದಿ ಕೆಲವೊಮ್ಮೆ 15 ಕಿಲೋಮೀಟರ್ ಮುಟ್ಟುವುದೂ ಉಂಟು. ಚಾಲಿ ಅಡಿಕೆ ಒಣಗಲು 40–45 ದಿನಗಳ ಬಿಸಿಲು ಬೇಕು. ನಡುವೆ ಒಮ್ಮೆ ಚೆನ್ನಾಗಿ ನೆನೆದರೆ ಬೂಷ್ಟು ಹಿಡಿದು ಧಾರಣೆ ಬಿದ್ದುಹೋಗುತ್ತದೆ. ಪ್ಲಾಸ್ಟಿಕ್ ಹೊದಿಸಿದ ಗೂಡು ಇಲ್ಲದವರು ಇಂಥ ಮೋಡಕ್ಕೆ ಕಾಯದೆ ಗೋಪುರವೇಳುವಾಗಲೇ ರಾಶಿ ಮಾಡುವುದು ಲೇಸು.

ತಡವಾದರೆ ಬಿಟ್ಟುಬಿಡಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಮೂವತ್ತು ಸೆಕೆಂಡಿನೊಳಗೆ ಗುಡುಗಿದರೆ ಸಿಡಿಲಿನ ಎಟುಕಿನಲ್ಲೇ ಇದ್ದೇವೆಂದು ತಿಳಿದು ಮನೆಯೊಳಕ್ಕೆ ಹೋಗಬೇಕು. ಈಚೆಗೆ ಕೊಯ್ಲಿಗೂ ಔಷಧ ಸಿಂಪಡಣೆಗೂ ಬಳಸುವ ಕಾರ್ಬನ್ ಫೈಬರ್ ದೋಟಿ ಹಗುರವೇನೋ ಹೌದು, ಆದರೆ ಅದು ವಿದ್ಯುತ್ತನ್ನು ಹರಿಯಗೊಡುವ ವಸ್ತು. ಮೋಡ ಗುಡುಗುವಾಗ ಅದನ್ನು ಹಿಡಿದು ತೋಟದಲ್ಲಿ ನಿಲ್ಲುವುದು ಪ್ರಾಣಕ್ಕೇ ಸಂಚಕಾರ.

ಮಳೆಗಾಲದ ಲೆಕ್ಕ ಬೇರೆ. ಕಡಲ ಗಾಳಿ ಘಟ್ಟಕ್ಕೆ ಅಡ್ಡ ಬಿದ್ದು ಮೇಲೇರಿ ತಣಿಯುವುದರಿಂದ ಪದರ ಮೋಡ ಬೆಟ್ಟಗಳನ್ನೇ ನುಂಗಿ, ಗುಡುಗಿಲ್ಲದೆ ದಿನಗಟ್ಟಲೆ ಸುರಿಯುತ್ತದೆ. ಈ ಸತತ ತೇವದಲ್ಲಿಯೇ ಕೊಳೆರೋಗ ಹಬ್ಬುವುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಈ ರೋಗದ ಬಗ್ಗೆ ಬರೆದು ಪ್ರಕಟಿಸಿದ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿದ ಬೋರ್ಡೋ ದ್ರಾವಣ ಮಳೆಗೆ ಮುನ್ನವೇ ಗೊನೆಯನ್ನು ಲೇಪಿಸಿರಬೇಕು. 40–45 ದಿನಗಳ ಮೇಲೆ ಮತ್ತೊಮ್ಮೆ.

ಮೊದಲ ಸಿಂಪಡಣೆ ಯಾವಾಗ ಎಂಬುದೇ ಪ್ರಶ್ನೆ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕೆಂಬುದು ತುಳುನಾಡಿನ ಮಾತು. ರೋಹಿಣಿ, ಮೃಗಶಿರಾ ಎಂಬ ಮಳೆನಕ್ಷತ್ರಗಳೂ ಹಾಗೆಯೇ. ಅವು ಋತುವನ್ನು ಹೇಳುತ್ತವೆ, ದಿನವನ್ನಲ್ಲ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ಆದರೆ 2025ರಲ್ಲಿ ಅದು ಮೇ 24ಕ್ಕೇ ಬಂದುಬಿಟ್ಟಿತು. ಜೂನಿನ ಮೊದಲ ವಾರವನ್ನು ನಂಬಿ ಕುಳಿತವರಿಗೆ ಅಂಥ ವರ್ಷ ರೇಡಿಯೋವೇ ಗತಿ, ಏಕೆಂದರೆ ಅರಬ್ಬೀ ಸಮುದ್ರದಲ್ಲಿ ನಡೆಯುವುದು ನಮ್ಮ ಅಂಗಳದಿಂದ ಕಾಣದು.

ಎರಡನೆಯ ಸಿಂಪಡಣೆ ಮಳೆಯ ಬಿಡುವಿನಲ್ಲಿ ಆಗಬೇಕಾದದ್ದು. ರೇಡಿಯೋ ‘ಬಹುತೇಕ ಕಡೆ’ಯಿಂದ ‘ಕೆಲವು ಕಡೆ’ಗೆ ಇಳಿದದ್ದನ್ನು ಹಿಂದಿನ ಸಂಜೆ ಕೇಳಿಕೊಂಡು, ಬೆಳಗ್ಗೆ ಪದರ ಹರಿದು ಮೂಡಣದ ಬೆಟ್ಟಗಳೂ ನಡುನಡುವೆ ನೀಲಿಯೂ ಕಂಡರೆ ಸುಣ್ಣ ಕದಡಲು ಹೇಳಬಹುದು.