ಮಕ್ಕಳೊಡನೆ ಮೈಸೂರಿಗೆ ಎರಡು ದಿನ

ರಜೆ ಸಮೀಪಿಸಿತೆಂದರೆ ಮನೆಮನೆಯಲ್ಲಿಯೂ ಒಂದು ಸಮಾಲೋಚನೆ ನಡೆಯುತ್ತದೆ. ಯಜಮಾನರು ಖರ್ಚಿನ ಲೆಕ್ಕ ಹಾಕುತ್ತಾರೆ. ಗೃಹಿಣಿಯು ಎಳೆಯ ಮಗುವಿನ ಹಾಲು, ಬಟ್ಟೆ, ನಿದ್ರೆಗಳ ಚಿಂತೆ ಮಾಡುತ್ತಾರೆ. ಮಕ್ಕಳಿಗಿರುವ ಚಿಂತೆ ಮಾತ್ರ ಒಂದೇ: ಕಿಟಕಿಯ ಪಕ್ಕದ ಜಾಗ ಯಾರಿಗೆ? ಕಡೆಗೆ, “ಈ ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಇನ್ನೂ ಕೊಂಚ ದೊಡ್ಡವರಾಗಲಿ” ಎಂದು ಅಜ್ಜಿ ತೀರ್ಪು ಕೊಡುತ್ತಾರೆ, ಸಭೆ ಮುಗಿಯುತ್ತದೆ.

ಆದರೆ ದೊಡ್ಡವರಾದ ಮೇಲೆ ಅವರು ನಮ್ಮೊಡನೆ ಹೊರಡುವರೆಂಬ ಭರವಸೆ ಏನು? ಅವರಿಗೆ ಅವರ ಪರೀಕ್ಷೆಗಳು, ಅವರ ಗೆಳೆಯರು. ತಂದೆಯ ಬೆರಳು ಹಿಡಿದು, ಕಂಡದ್ದಕ್ಕೆಲ್ಲ “ಅದೇನು?” ಎಂದು ಕೇಳುವ ವಯಸ್ಸು ಐದಾರು ವರ್ಷಗಳದು. ಕಾಯುತ್ತ ಕುಳಿತರೆ ಅದು ಕಳೆದೇ ಹೋಗುತ್ತದೆ. ಆದುದರಿಂದ ಬೆಂಗಳೂರಿನ ಕುಟುಂಬಗಳಿಗೆ ನಮ್ಮ ಸಲಹೆ ಇಷ್ಟೆ: ದೂರದ ಊರುಗಳು ಹಾಗಿರಲಿ, ರೈಲಿನಲ್ಲಿ ಮೈಸೂರಿಗೆ ಎರಡು ದಿನ ಹೋಗಿ ಬನ್ನಿರಿ.

ರೈಲೇ ಏಕೆ?

2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಮೋಟಾರು ಬೇಗನೆ ತಲಪುತ್ತದೆ, ನಿಜ. ಆದರೆ ಮೋಟಾರಿನಲ್ಲಿ ಮಗುವನ್ನು ಪಟ್ಟಿ ಬಿಗಿದು ಕೂರಿಸಬೇಕು. ತಂದೆಯ ಕಣ್ಣು ರಸ್ತೆಯ ಮೇಲೆ, ತಾಯಿಯ ಕಣ್ಣು ಮಗುವಿನ ಹೊಟ್ಟೆ ತೊಳಸುವುದರ ಮೇಲೆ. ರೈಲಿನಲ್ಲಾದರೋ ತಂದೆತಾಯಿ ಇಬ್ಬರ ಕೈಯೂ ತೆರವಾಗಿರುತ್ತದೆ. ಮಗು ಎದ್ದು ನಾಲ್ಕು ಹೆಜ್ಜೆ ಇಡಬಹುದು. ಶೌಚಕ್ಕೆ ಬಂಡಿಯನ್ನು ನಿಲ್ಲಿಸಬೇಕಾಗಿಲ್ಲ. ಸುಮಾರು 140 ಕಿಲೋಮೀಟರುಗಳ ಹಾದಿಗೆ ಬಂಡಿಗೆ ತಕ್ಕಂತೆ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಎಳೆಯರ ತಾಳ್ಮೆಗೆ ಅದು ಸರಿಯಾದ ಅಳತೆ.

ಈ ಹಾದಿಗೆ ಒಂದು ಕರುಣ ಚರಿತ್ರೆಯೂ ಉಂಟು. 1876–78ರ ಘೋರ ಕ್ಷಾಮದ ಕಾಲದಲ್ಲಿ ಹಸಿದವರಿಗೆ ಕೂಲಿ ಒದಗಿಸಲೆಂದು ಇದರ ಕೆಲಸ ಆರಂಭವಾಯಿತು. 1882ರಲ್ಲಿ ಮೈಸೂರನ್ನು ಮುಟ್ಟಿದ ಈ ಮೀಟರ್ ಗೇಜ್ ಮಾರ್ಗವು 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಇಂದು ಜೋಡಿ ಹಳಿಗಳ ಮೇಲೆ ವಿದ್ಯುತ್ ಎಂಜಿನುಗಳು ಓಡುತ್ತಿವೆ.

ದಿನ ಮತ್ತು ಟಿಕೆಟ್

ಶನಿವಾರ ಹೊರಟು ಭಾನುವಾರ ಮರಳುವುದು ಎಲ್ಲರ ರೂಢಿ. ಸೋಮವಾರವೂ ರಜೆ ಕೂಡಿ ಬಂದರೆ, ಭಾನುವಾರ ಹೊರಟು ಸೋಮವಾರ ಮರಳುವುದು ಹೆಚ್ಚು ಲೇಸು. ಅರಮನೆಯ ದೀಪಾಲಂಕಾರ ಭಾನುವಾರ ಸಂಜೆಗೆ ಉಂಟು; ಮೃಗಾಲಯಕ್ಕೆ ವಾರದ ರಜೆ ಮಂಗಳವಾರ. ಹೀಗೆ ಎರಡೂ ದಕ್ಕುತ್ತವೆ. ದಸರೆಯ ದಿನಗಳ ವೈಭವ ದೊಡ್ಡದೇ. ಆದರೆ ಆ ಜನಸಂದಣಿ ಎಳೆಯ ಮಕ್ಕಳಿಗೆ ಹೇಳಿಸಿದ್ದಲ್ಲ.

ಟಿಕೆಟುಗಳನ್ನು 60 ದಿನ ಮುಂಚಿತವಾಗಿ ಕಾದಿರಿಸಬಹುದು. ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಜಾಗ ಬೇಡವೆಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಕಾದಿರಿಸಿದ ಪ್ರತ್ಯೇಕ ಜಾಗ ಬೇಕಾದರೆ 2016ರಿಂದ ಪೂರ್ಣ ದರ ಕೊಡಬೇಕು. ತೊಡೆಯ ಮೇಲೆ ಕೂರಿಸಿಕೊಂಡು ಉಳಿಸುವ ಹಣ, ಮೂರು ಗಂಟೆಯ ಕಾಲುನೋವಿಗೆ ಸಾಟಿಯಾಗುವುದೇ ಎಂಬುದನ್ನು ತಾಯಂದಿರೇ ತೀರ್ಮಾನಿಸಲಿ!

ಕಿಟಕಿಯ ಪಾಠಶಾಲೆ

ಬಂಡಿ ಕೆಂಗೇರಿ, ಬಿಡದಿಗಳನ್ನು ದಾಟಿತೆಂದರೆ ಮಕ್ಕಳ ಕೈಯಲ್ಲಿರುವ ಫೋನನ್ನು ಮೆಲ್ಲನೆ ಚೀಲಕ್ಕೆ ಸೇರಿಸಿರಿ. ರಾಮನಗರದ ಹೆಬ್ಬಂಡೆಗಳು ಬರುತ್ತವೆ. 1975ರಲ್ಲಿ ತೆರೆ ಕಂಡ ‘ಶೋಲೆ’ ಚಿತ್ರಕ್ಕೆ ಹಿನ್ನೆಲೆಯಾದ ಬೆಟ್ಟಗಳಿವು; ರಣಹದ್ದುಗಳಿಗೂ ಇಲ್ಲಿ ರಕ್ಷಿತ ನೆಲೆಯಿದೆ. ಮುಂದೆ ಚನ್ನಪಟ್ಟಣ. ಆಲೆಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಹಚ್ಚಿದ ಬೊಂಬೆಗಳ ಊರು. ಮದ್ದೂರು ಬಂದುದನ್ನು ಹೇಳಲು ಫಲಕವೇ ಬೇಡ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿಗಳ ಗರಿಗರಿ ವಡೆಯ ಪರಿಮಳವೇ ಹೇಳುತ್ತದೆ. ಮಕ್ಕಳಿಗೆ ಅರ್ಧ ವಡೆ ಸಾಕು; ಉಳಿದರ್ಧಕ್ಕೆ ಹಿರಿಯರಿದ್ದಾರೆ. ಮುಖ್ಯ ಆಹಾರ ಮನೆಯ ಮೊಸರನ್ನ, ಚಪಾತಿ, ಬಾಳೆಹಣ್ಣು ಮತ್ತು ಕಾಯಿಸಿ ಆರಿಸಿದ ನೀರಾಗಿರಲಿ.

ಮಂಡ್ಯದ ಕಬ್ಬಿನ ಗದ್ದೆಗಳನ್ನು ತೋರಿಸಿ, ಸಕ್ಕರೆ ಎಲ್ಲಿಂದ ಬರುತ್ತದೆಂದು ಕೇಳಿರಿ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಎರಡು ಬಾರಿ ದಾಟಬೇಕು. “ಒಂದೇ ನದಿ ಎರಡು ಸಲ ಹೇಗಪ್ಪಾ ಬಂತು?” ಎಂದು ಮಗು ಕೇಳಿದರೆ, ದ್ವೀಪವೆಂದರೇನೆಂದು ತಿಳಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ದೊರೆಯದು. ಜೋಡಿಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದ ಕಥೆಯನ್ನೂ ಇಲ್ಲಿ ಹೇಳಿರಿ. ರಾಕ್ಷಸರ ಕಥೆಗಿಂತ ಅದು ಕಡಮೆಯದಲ್ಲ.

ಯಾರ ಪ್ರವಾಸ?

ಮೈಸೂರಿನಲ್ಲಿ ಇಳಿದೊಡನೆ ಹಿರಿಯರ ಜೇಬಿನಿಂದ ಹತ್ತು ಸ್ಥಳಗಳ ಪಟ್ಟಿ ಹೊರಬೀಳುವುದುಂಟು. ಅದನ್ನು ಮೂರಕ್ಕೆ ಇಳಿಸಿರಿ. ಮೊದಲ ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಒಂದು ನಿದ್ರೆ ಮಾಡಲಿ. ಸಂಜೆ, ನಾಲ್ಕು ವರ್ಷದೊಳಗಿನವರಾದರೆ ನಿಲ್ದಾಣಕ್ಕೆ ಸಮೀಪದ ರೈಲ್ವೆ ವಸ್ತುಸಂಗ್ರಹಾಲಯವೇ ಸಾಕು. 1979ರಲ್ಲಿ ತೆರೆದ ಅಲ್ಲಿ ಹಳೆಯ ಉಗಿ ಎಂಜಿನುಗಳೂ, 1899ರ ಮಹಾರಾಣಿಯವರ ಬೋಗಿಯೂ ಇವೆ. ಕೊಂಚ ದೊಡ್ಡ ಮಕ್ಕಳನ್ನು ಅರಮನೆಯೊಳಗೆ ಕರೆದೊಯ್ಯಿರಿ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ನರ ವಿನ್ಯಾಸದಂತೆ 1912ರಲ್ಲಿ ಈಗಿನದು ಪೂರ್ಣಗೊಂಡಿತು. ಏಳು ಗಂಟೆಯ ವೇಳೆಗೆ ಹೊರಗಿನ ಅಂಗಳದಲ್ಲಿ ನಿಂತಿರಿ. ಲಕ್ಷಕ್ಕೆ ಸಮೀಪದ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುವಾಗ ಅರಮನೆಯನ್ನು ನೋಡುವುದಕ್ಕಿಂತ ಮಕ್ಕಳ ಮುಖವನ್ನು ನೋಡುವುದೇ ಚೆನ್ನ.

ಮಾರನೆಯ ಬೆಳಗ್ಗೆ ಬಿಸಿಲೇರುವ ಮುನ್ನ ಮೃಗಾಲಯ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಈ ತೋಟದಲ್ಲಿ ನಡಿಗೆ ಬಹಳ. ಎಲ್ಲವನ್ನೂ ನೋಡಿಯೇ ತೀರುತ್ತೇವೆಂಬ ಹಟ ಬೇಡ. ಆನೆ, ಜಿರಾಫೆಗಳ ಮುಂದೆ ನಿಂತ ಮಗು ಹಾದಿಯಲ್ಲೋಡಿದ ಅಳಿಲನ್ನೇ ಕಾಲು ಗಂಟೆ ನೋಡುತ್ತ ಕುಳಿತೀತು. “ಇಷ್ಟು ದುಡ್ಡು ಕೊಟ್ಟು ಬಂದದ್ದು ಅಳಿಲು ನೋಡಲಿಕ್ಕೇನೋ?” ಎಂದು ತಂದೆ ಎಳೆದೊಯ್ದರೆ, ಪ್ರವಾಸ ಆ ಕ್ಷಣದಿಂದ ತಂದೆಯದಾಗುತ್ತದೆ, ಮಗುವಿನದಾಗಿ ಉಳಿಯುವುದಿಲ್ಲ. ಅಳುತ್ತ ಕಂಡ ಹುಲಿಗಿಂತ ನಗುತ್ತ ಕಂಡ ಅಳಿಲು ಮೇಲು.

ಎಚ್ಚರಿಕೆಯ ಮಾತು

ಇಳಿಯುವಾಗ ಹಿರಿಯರೊಬ್ಬರು ಮೊದಲು ಇಳಿದು ಮಕ್ಕಳನ್ನು ಕೈಗೆತ್ತಿಕೊಳ್ಳಬೇಕು, ಆಮೇಲೆ ಸಾಮಾನು, ಇನ್ನೊಬ್ಬರು ಜಾಗವನ್ನೆಲ್ಲ ನೋಡಿಕೊಂಡು ಕೊನೆಗೆ ಇಳಿಯಬೇಕು. ಪ್ರತಿಯೊಂದು ಮಗುವಿನ ಜೇಬಿನಲ್ಲಿಯೂ ತಂದೆತಾಯಿಗಳ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ. “ಕಾಣದಾದರೆ ಹುಡುಕಿಕೊಂಡು ಓಡಬೇಡ, ನಿಂತಲ್ಲೇ ನಿಲ್ಲು, ನಾವೇ ಬರುತ್ತೇವೆ” ಎಂದು ಮನೆಯಲ್ಲೇ ಎರಡು ಬಾರಿ ಹೇಳಿಕೊಡಿರಿ. ರೈಲಿನಲ್ಲಿ ನೆರವಿಗೆ 139, ಮಕ್ಕಳ ಸಹಾಯವಾಣಿಗೆ 1098: ಈ ಎರಡು ಸಂಖ್ಯೆಗಳು ಹಿರಿಯರ ನೆನಪಿನಲ್ಲಿರಲಿ.

ಮರಳಿ ಬಂದ ರಾತ್ರಿಯೇ ನಡೆದುದನ್ನೆಲ್ಲ ಅಜ್ಜಿಗೆ ನಾವೇ ವರದಿ ಮಾಡಲು ಹೋಗಬಾರದು. ಮಕ್ಕಳೇ ಹೇಳಲಿ. ಅರಮನೆ ಮರೆತುಹೋಗಿ ವಡೆ ಮಾರುವವನ ಕೂಗು ಉಳಿದಿರಬಹುದು. ಕಾವೇರಿ ಮೂರು ನದಿಯಾಗಿರಬಹುದು. ತಿದ್ದದೆ ಕೇಳಿರಿ. “ಮುಂದಿನ ಸಲ ಅಜ್ಜೀನೂ ಬರಲಿ” ಎಂದು ಅವರೇ ಹಟ ಹಿಡಿದರೆ, ಮುಂದಿನ ರಜೆಯ ಸಮಾಲೋಚನೆಯಲ್ಲಿ ತೀರ್ಪು ನಮ್ಮ ಕಡೆಗೇ ಆದೀತು.