ಎಥೆನಾಲ್ ಹೊಗೆಯೂ ಹೊಗೆಯೇ

ಇಷ್ಟಲಿಂಗ ಪೂಜೆಯನ್ನು ಮುಗಿಸಿ ಬೆಳಗಿನ ನಡಿಗೆಗೆ ಹೊರಡುವ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಹಿರಿಯರು ಉದ್ಯಾನವನ್ನು ಸೇರುವ ಮೊದಲು ವಾಹನಗಳ ಹೊಗೆಯನ್ನು ದಾಟಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಈ ಹೊಗೆಯ ಸ್ವರೂಪ ತುಸು ಬದಲಾಗಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಪ್ರಧಾನಮಂತ್ರಿಗಳು ಶೇ. 20ರಷ್ಟು ಎಥೆನಾಲ್ ಬೆರೆಸಿದ ‘ಇ-20’ ಪೆಟ್ರೋಲಿಗೆ ಚಾಲನೆ ನೀಡಿದರು. ಇಂದು ಬಂಕುಗಳಲ್ಲಿ ದೊರೆಯುವ ಸಾಮಾನ್ಯ ಪೆಟ್ರೋಲು ಬಹುಮಟ್ಟಿಗೆ ಇದೇ. ‘ಕಬ್ಬು, ಮೆಕ್ಕೆಜೋಳಗಳಿಂದ ಬಂದ ಇಂಧನವಲ್ಲವೇ, ಅದರ ಹೊಗೆಯಿಂದ ಏನು ಕೇಡು?’ ಎಂಬ ಭಾವನೆ ಅನೇಕ ಸದ್ಭಕ್ತರಲ್ಲಿದೆ. ಇದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸೋಣ.

ಮೊದಲು ಒಳಿತನ್ನು ನೋಡೋಣ. ಎಥೆನಾಲಿನ ತೂಕದಲ್ಲಿ ಸುಮಾರು ಶೇ. 35ರಷ್ಟು ಆಮ್ಲಜನಕವೇ ಇದೆ. ಆದಕಾರಣ ಇಂಧನವು ಹೆಚ್ಚು ಪೂರ್ಣವಾಗಿ ಉರಿಯುತ್ತದೆ. ನೀತಿ ಆಯೋಗದ 2021ರ ವರದಿಯಂತೆ, ಇ-20 ಬಳಕೆಯಿಂದ ಕಾರ್ಬನ್ ಮಾನಾಕ್ಸೈಡ್ ದ್ವಿಚಕ್ರ ವಾಹನಗಳಲ್ಲಿ ಸುಮಾರು ಅರ್ಧದಷ್ಟು, ಕಾರುಗಳಲ್ಲಿ ಸುಮಾರು ಶೇ. 30ರಷ್ಟು ತಗ್ಗುತ್ತದೆ, ಅರೆಬೆಂದ ಹೈಡ್ರೋಕಾರ್ಬನ್‌ಗಳು ಸುಮಾರು ಶೇ. 20ರಷ್ಟು ಇಳಿಯುತ್ತವೆ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುವ ವಿಷಾನಿಲ. ಹೃದ್ರೋಗಿಗಳಿಗೂ ಗರ್ಭಿಣಿಯರಿಗೂ ಅದು ವಿಶೇಷವಾಗಿ ಅಪಾಯಕಾರಿ. ಆದುದರಿಂದ ಈ ಇಳಿಕೆ ಸಣ್ಣ ಮಾತಲ್ಲ.

ಇನ್ನೊಂದು ಮುಖವೂ ಇದೆ. ಎಥೆನಾಲ್ ಅರೆಬರೆ ಉರಿದಾಗ ಅಸಿಟಾಲ್ಡಿಹೈಡ್ ಎಂಬ ಅನಿಲ ಹುಟ್ಟುತ್ತದೆ. ಶುದ್ಧ ಪೆಟ್ರೋಲಿನ ಹೊಗೆಗಿಂತ ಮಿಶ್ರ ಇಂಧನದ ಹೊಗೆಯಲ್ಲಿ ಇದು ಹೆಚ್ಚು. ಕಣ್ಣು, ಮೂಗು, ಗಂಟಲುಗಳನ್ನು ಕೆರಳಿಸುವುದು ಇದರ ಗುಣ. ನೈಟ್ರೋಜನ್ ಆಕ್ಸೈಡುಗಳಲ್ಲಿಯಂತೂ ನೆಚ್ಚಬಹುದಾದ ಇಳಿಕೆ ಕಂಡುಬಂದಿಲ್ಲ. ಇವೇ ಬಿಸಿಲಿನಲ್ಲಿ ಇತರ ಅನಿಲಗಳೊಡನೆ ಬೆರೆತು ಓಜೋನ್ ಆಗಿ, ಆಸ್ತಮಾ ಇರುವವರ ಉಸಿರನ್ನು ಕಟ್ಟಿಸುತ್ತವೆ. ಕಾರುಗಳು ಎಥೆನಾಲ್ ಮತ್ತು ಪೆಟ್ರೋಲು ಎರಡರಲ್ಲೂ ಓಡುವ ಬ್ರೆಜಿಲಿನ ಸಾವೊಪಾಲೊ ನಗರದ ಅನುಭವ ಇಲ್ಲಿ ಗಮನಾರ್ಹ. ಜನರು ಎಥೆನಾಲಿನಿಂದ ಪೆಟ್ರೋಲಿಗೆ ತಿರುಗಿದಾಗ ಅಲ್ಲಿ ಓಜೋನ್ ಇಳಿಯಿತು, ಆದರೆ ಅತಿಸೂಕ್ಷ್ಮ ಕಣಗಳು ಏರಿದವು. ಒಂದು ವಿಷ ತಗ್ಗಿದರೆ ಮತ್ತೊಂದು ತಲೆಯೆತ್ತುತ್ತದೆ.

ಕಬ್ಬು ಬೆಳೆಯುವಾಗ ಗಾಳಿಯ ಇಂಗಾಲವನ್ನು ಹೀರುವುದು ನಿಜ. ಆದರೆ ಭೂಮಿಯ ತಾಪದ ಲೆಕ್ಕ ಬೇರೆ, ನಮ್ಮ ಶ್ವಾಸಕೋಶದ ಲೆಕ್ಕ ಬೇರೆ.

ನಾವು ಮಾಡಬೇಕಾದುದೇನು? ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದ ಮೇಲೆಯೇ ಕೆಲಸ ಮಾಡುತ್ತದೆ. ಎಂಜಿನ್ ತಣ್ಣಗಿರುವ ಮೊದಲ ಕೆಲವು ನಿಮಿಷಗಳ ಹೊಗೆಯೇ ಹೆಚ್ಚು ವಿಷಪೂರಿತ. ಆದ್ದರಿಂದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರನ್ನು ಚಾಲೂ ಮಾಡಿ ನಿಲ್ಲಿಸಬಾರದು. ಮಕ್ಕಳನ್ನು ಅದರ ಹಿಂದೆ ನಿಲ್ಲಗೊಡಬಾರದು. ಸಿಲ್ಕ್ ಬೋರ್ಡಿನಂತಹ ಕಡೆ ದೀರ್ಘಕಾಲ ನಿಲ್ಲಬೇಕಾದಾಗ ಎಂಜಿನ್ ಆರಿಸಬೇಕು. ಹೊಗೆ ತಪಾಸಣೆಯನ್ನು ಕೇವಲ ಪ್ರಮಾಣಪತ್ರಕ್ಕಾಗಿ ಮಾಡಿಸದೆ, ದೋಷ ಕಂಡರೆ ಸರಿಪಡಿಸಿಕೊಳ್ಳಬೇಕು. ಹಳೆಯ ವಾಹನಕ್ಕೆ ಇ-20 ಹೊಂದುವುದೇ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಮುಂಜಾನೆಯ ನಡಿಗೆ ಮುಖ್ಯರಸ್ತೆಯನ್ನು ಬಿಟ್ಟು ಒಳರಸ್ತೆಯಲ್ಲಿ ಸಾಗಲಿ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಗೆ ಹಸಿರು ಮಾರ್ಗದ ಮೆಟ್ರೋ ಇದೆ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗವು ಬಿ.ಟಿ.ಎಂ. ಬಡಾವಣೆಯನ್ನೂ ತಲುಪಿದೆ. ವಾರಕ್ಕೆರಡು ದಿನ ಕಾರನ್ನು ಮನೆಯಲ್ಲಿ ಬಿಟ್ಟರೆ, ಅಷ್ಟರಮಟ್ಟಿಗೆ ಯಾವ ಇಂಧನದ ಹೊಗೆಯೂ ಇಲ್ಲ.

ನಾವು ಕಿಟಕಿ ಮುಚ್ಚಿದ ಕಾರಿನಲ್ಲಿ ಕುಳಿತು ಹೊರಬಿಡುವ ಹೊಗೆಯನ್ನು ಕುಡಿಯುವವರು ಸಿಗ್ನಲ್ಲಿನಲ್ಲಿ ಹೂ ಮಾರುವ ತಾಯಿ, ದಿನವಿಡೀ ನಿಂತಿರುವ ಸಂಚಾರಿ ಪೊಲೀಸರು, ಬಸ್ಸಿಗೆ ಕಾಯುವ ಮಕ್ಕಳು. ಕಾಯಕದಲ್ಲಿ ತೊಡಗಿರುವ ಇವರ ಉಸಿರನ್ನು ಕಾಪಾಡುವುದೂ ದಾಸೋಹವೇ. ಇಂಧನ ಬದಲಾದರೆ ಸಾಲದು, ನಮ್ಮ ನಡೆಯೂ ಬದಲಾಗಬೇಕು.