ಬಂಡವಾಳ ಮತ್ತು ದುಡಿಮೆಯ ಪಾಲುದಾರಿಕೆ: ಫ್ರೆಂಚ್ ಚಿಂತನೆ, ಕನ್ನಡ ನಾಡಿನ ಅನುಭವ

ಸಮಾಜವಾದವೆಂದೊಡನೆ ವರ್ತಕರ ಕಣ್ಣೆದುರು ನಿಲ್ಲುವುದು ರಾಷ್ಟ್ರೀಕರಣ ಮತ್ತು ಪರವಾನಗಿ. ಆದರೆ ಆರಂಭದ ಫ್ರೆಂಚ್ ಸಮಾಜವಾದಿಗಳೆಲ್ಲರೂ ಖಾಸಗಿ ಬಂಡವಾಳದ ವಿರೋಧಿಗಳಾಗಿರಲಿಲ್ಲ. ಸಾಂ ಸಿಮೋಂ (1760–1825) ಉತ್ಪಾದಕ ವರ್ಗದಲ್ಲಿ ಕಾರ್ಮಿಕನೊಡನೆ ಕಾರ್ಖಾನೆದಾರ, ವರ್ತಕ, ಬ್ಯಾಂಕರುಗಳನ್ನೂ ಸೇರಿಸಿದನು. ಷಾರ್ಲ್ ಫೂರಿಯೆ (1772–1837) ವ್ಯಾಪಾರದ ವಂಚನೆಯನ್ನು ಕಟುವಾಗಿ ಟೀಕಿಸಿದರೂ, ತನ್ನ ಆದರ್ಶ ಸಮುದಾಯದ ಲಾಭವನ್ನು 12 ಭಾಗ ಮಾಡಿ ದುಡಿಮೆಗೆ 5, ಬಂಡವಾಳಕ್ಕೆ 4, ಪ್ರತಿಭೆಗೆ 3 ಎಂದು ಹಂಚಿದನು. ಕಾರ್ಮಿಕರೇ ನಡೆಸುವ ಕಾರ್ಯಾಗಾರಗಳಿಗೆ ಸರಕಾರವು ಮೂಲ ಬಂಡವಾಳ ಒದಗಿಸಬೇಕೆಂದು ಲೂಯಿ ಬ್ಲಾಂ 1839ರಲ್ಲಿ ವಾದಿಸಿದನು.

ಫೂರಿಯೆಯ ಲೆಕ್ಕವನ್ನು ವ್ಯವಹಾರಕ್ಕಿಳಿಸಿದವನು ಗೀಸ್ ಪಟ್ಟಣದ ಒಲೆ ತಯಾರಕ ಗೊದ್ಯಾಂ. 1880ರಲ್ಲಿ ಆತನು ಕಾರ್ಖಾನೆಯನ್ನು ಬಂಡವಾಳ ಮತ್ತು ದುಡಿಮೆಯ ಸಂಘವನ್ನಾಗಿ ಪರಿವರ್ತಿಸಿದನು. ಕಾರ್ಮಿಕರ ಲಾಭದ ಪಾಲು ಷೇರು ಪತ್ರವಾಗಿ ಸಲ್ಲುತ್ತ, ಒಡೆತನವು ಕ್ರಮೇಣ ಅವರಿಗೆ ವರ್ಗವಾಯಿತು. ಆ ಸಂಘ 1968ರವರೆಗೆ ಬಾಳಿತು.

ನಮ್ಮ ನಾಡಿನಲ್ಲಿಯೂ ಇಂತಹ ಉದಾಹರಣೆಗಳುಂಟು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಒಗ್ಗೂಡಿದರು. ಅವರ ಮೊದಲ ಸಹಕಾರ ಸಂಘ ಬೆಂಗಳೂರಿನಲ್ಲಿ 1957ರ ಆಗಸ್ಟ್ 19ರಂದು ಜನಿಸಿತು. ಬಡಿಸುವವನೇ ಅಲ್ಲಿ ಪಾಲುದಾರನಾದನು.

ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959 ಕೂಡ ಇದೇ ತತ್ತ್ವವನ್ನು ಎತ್ತಿಹಿಡಿಯುತ್ತದೆ: ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ, ನಿವ್ವಳ ಲಾಭದ ಕನಿಷ್ಠ ಶೇ. 25 ಮೀಸಲು ನಿಧಿಗೆ.

ಆದರೆ ನಿಯಮ ಮಾತ್ರ ಸಾಲದು. 2020ರ ಜನವರಿಯಲ್ಲಿ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಠೇವಣಿ ಹಿಂಪಡೆತವನ್ನು ರಿಸರ್ವ್ ಬ್ಯಾಂಕು 35,000 ರೂಪಾಯಿಗೆ ಮಿತಿಗೊಳಿಸಿದಾಗ, ದಕ್ಷಿಣ ಬೆಂಗಳೂರಿನ ಅನೇಕ ನಿವೃತ್ತರ ಉಳಿತಾಯ ಸಿಲುಕಿಕೊಂಡಿತು. ಮತವಿದ್ದೂ ಲೆಕ್ಕ ಕೇಳದಿದ್ದರೆ ಒಡೆತನವು ಹೆಸರಿಗೆ ಮಾತ್ರ.

ಜೆ.ಪಿ. ನಗರ, ಬನಶಂಕರಿಗಳ ಸಣ್ಣ ಉದ್ಯಮಿಗಳು ನುರಿತ ಕೆಲಸಗಾರರನ್ನು ಉಳಿಸಿಕೊಳ್ಳಲು ಶಾಸನಬದ್ಧ ಬೋನಸ್ಸಿನ ಮೇಲೆ ಲಾಭದ ಪಾಲು ನೀಡಬಯಸಿದಲ್ಲಿ, ಮೂರು ಅಂಶಗಳನ್ನು ಮೊದಲೇ ಬರವಣಿಗೆಯಲ್ಲಿ ನಿಗದಿಪಡಿಸುವುದು ಯುಕ್ತ: ನಿವ್ವಳ ಲಾಭವನ್ನು ಗಣಿಸುವ ವಿಧಾನ, ಮೀಸಲಿನ ಪ್ರಮಾಣ, ಲೆಕ್ಕಪತ್ರ ಪರಿಶೀಲಿಸುವ ಹಕ್ಕು. ಸದಾಶಯವು ಪಾಲುದಾರಿಕೆಯನ್ನು ಆರಂಭಿಸಬಲ್ಲದು. ಅದನ್ನು ಉಳಿಸುವುದು ಲೆಕ್ಕಪುಸ್ತಕವೇ.